ಜೀಬಿ ಲೆಕ್ಕದ ವೀಣೆ

ಹೋದ ವರ್ಷ ಆಷಾಢದಲ್ಲಿ ಒಬ್ಬ ಹುಡುಗ ಹನುಮಂತನಗರದ ನಮ್ಮ ಸ್ಟುಡಿಯೋಗೆ ಬಂದ. ಸ್ಟುಡಿಯೋ ಎಂದರೆ ದೊಡ್ಡ ಮಾತಾಯಿತು. ಮಹಡಿಯ ಮೇಲೊಂದು ಕೋಣೆ, ಗೋಡೆಗೆ ಹಳೇ ಜಮಖಾನ, ಕಿಟಕಿಗೆ ಒರಗಿಸಿದ ಹತ್ತಿಯ ಹಾಸಿಗೆ, ಎರಡು ಸ್ಪೀಕರು. ಶ್ರಾವಣಕ್ಕೆ ಬಿಡುಗಡೆಯಾಗಬೇಕಿದ್ದ ಒಂದು ದೇವಿಯ ಹಾಡನ್ನು ಮಿಕ್ಸ್ ಮಾಡಿಸಿಕೊಳ್ಳುವುದಿತ್ತು. ಬ್ಯಾಗಿನಿಂದ ಹಾರ್ಡ್ ಡಿಸ್ಕು ತೆಗೆದು ಮೇಜಿನ ಮೇಲಿಟ್ಟ. "ಸಾರ್, ನಾಲ್ಕು ಟೀಬಿ. ಪ್ರಪಂಚದಲ್ಲಿರೋ ವಾದ್ಯ ಎಲ್ಲಾ ಇದೆ ಇದ್ರಲ್ಲಿ" ಅಂದ.

ಹಾಡು ತೋಡಿಯಲ್ಲಿತ್ತು. ಮೊದಲಿಗೇ ವೀಣೆ. ಕೀಬೋರ್ಡಿನಲ್ಲಿ ಹುಡುಗ ಗಾಂಧಾರದ ಕೀಲಿ ಒತ್ತಿದ್ದಾನೆ, ಗಾಂಧಾರ ನೆಟ್ಟ ಲೈಟುಕಂಬದ ಹಾಗೆ ನಿಂತಿದೆ. ತೋಡಿಯ ಗಾಂಧಾರ ಹಾಗೆ ನಿಲ್ಲುವ ಜಾತಿಯದಲ್ಲ. ವೈಣಿಕರು ಅದನ್ನು ಗಾಂಧಾರದ ಮೆಟ್ಟಿನ ಮೇಲೆ ಹುಡುಕುವುದೇ ಇಲ್ಲ. ರಿಷಭದ ಮೇಲೆ ಬೆರಳಿಟ್ಟು, ತಂತಿಯನ್ನು ಎಳೆದು, ಮಧ್ಯಮದ ಕಡೆಗೆ ತೂಗಿಬಿಟ್ಟು ವಾಪಸು ತರುತ್ತಾರೆ. ಆ ತೂಗಾಟಕ್ಕೇ ನಾವು ಗಾಂಧಾರ ಎನ್ನುವುದು. ಹುಡುಗನಿಗೂ ಏನೋ ಸರಿಯಿಲ್ಲ ಅನ್ನಿಸಿತ್ತು, ಪಾಪ. ವೈಬ್ರಾಟೋ ಚಕ್ರ ತಿರುಗಿಸಿದ್ದ. ಈಗ ಕಂಬ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

ನಾನು ಸುಮ್ಮನೆ ಕೂತಿದ್ದನ್ನು ನೋಡಿ ಅವನೇ ಹೇಳಿದ: "ಇದು ಅರವತ್ತು ಜೀಬಿ ಲೈಬ್ರರಿ ಸಾರ್. ಇನ್ನೂ ದೊಡ್ಡದು ಹಾಕ್ಬೇಕೇನೋ."

ನನ್ನ ತಕರಾರು ಆ ಹುಡುಗನ ಮೇಲಲ್ಲ, ಅವನ ಬಾಯಲ್ಲಿ ಬಂದ ಆ ಮಾತಿನ ಮೇಲೆ. ಬೆಂಗಳೂರಿನಲ್ಲಿ ಮನೆಯಲ್ಲೇ ಸಂಗೀತ ಮಾಡುವವರ ನಡುವೆ ಈಗ ಅದೊಂದು ಗಾದೆಯಂತಾಗಿದೆ. ಸ್ಯಾಂಪಲ್ ಲೈಬ್ರರಿ ದೊಡ್ಡದಾದಷ್ಟೂ ನಿಜ ವಾದ್ಯಕ್ಕೆ ಹತ್ತಿರ. ಅದನ್ನು ತೆರೆಯಲು ಕಾಂಟ್ಯಾಕ್ಟ್ ಎಂಬ ತಂತ್ರಾಂಶದ ಪೂರ್ತಿ ಆವೃತ್ತಿ ಬೇಕೇ ಬೇಕು, ಇಲ್ಲದವನು ಹವ್ಯಾಸಿ. ಎರಡೂ ಇದ್ದವನಿಗೆ ವಾದ್ಯಗಾರರ ಹಂಗಿಲ್ಲ. ವಿಡಿಯೋಗಳಲ್ಲಿ ಹೇಳುತ್ತಾರೆ, ಕೋರ್ಸುಗಳಲ್ಲಿ ಕಲಿಸುತ್ತಾರೆ, ಸಂಬಳ ಬಂದ ದಿನ ಸೇಲಿನಲ್ಲಿ ಕೊಳ್ಳುತ್ತಾರೆ, ಕೊಳ್ಳಲಾಗದವರು ಕೈಯಿಂದ ಕೈಗೆ ದಾಟುವ ಡಿಸ್ಕಿನಿಂದ ಕದ್ದು ತುಂಬಿಕೊಳ್ಳುತ್ತಾರೆ. ರಾಗಿ ಕೊಳ್ಳುವಾಗಲೂ ನಮ್ಮ ಜನ ಒಂದು ಹಿಡಿ ಅಂಗೈಗೆ ಹಾಕಿಕೊಂಡು ಊದಿ ನೋಡುತ್ತಾರೆ. ನಾದವನ್ನು ಮಾತ್ರ ಮೂಟೆಯ ತೂಕ ನೋಡಿ ತರುತ್ತಿದ್ದಾರೆ.

ಆ ತೂಕ ಎಲ್ಲಿಂದ ಬರುತ್ತದೆ, ಒಮ್ಮೆ ಮೂಟೆ ಬಿಚ್ಚಿ ನೋಡೋಣ. ಸ್ಯಾಂಪ್ಲರ್ ಮಾಡುವುದಿಷ್ಟೇ: ವಾದ್ಯದ ಒಂದೊಂದು ಸ್ವರವನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟಿರುತ್ತಾರೆ (ಆ ತುಣುಕುಗಳ ಕಂತೆಯೇ ಲೈಬ್ರರಿ), ನೀವು ಕೀಲಿ ಒತ್ತಿದಾಗ ಸ್ಯಾಂಪ್ಲರ್ ಆ ತುಣುಕನ್ನು ನುಡಿಸುತ್ತದೆ. ಪಿಯಾನೋಗೆ 88 ಕೀಲಿ. ಪ್ರತಿ ಕೀಲಿಯನ್ನೂ ಮೆಲುದನಿಯಿಂದ ಜೋರುದನಿಯವರೆಗೆ 16 ಹಂತಗಳಲ್ಲಿ ಒತ್ತಿ ಹಿಡಿದರೆ 1,408 ತುಣುಕು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಎಂದರೆ ಸೆಕೆಂಡಿಗೆ 2,88,000 ಬೈಟು. ಒಂದೊಂದು ತುಣುಕಿಗೆ 20 ಸೆಕೆಂಡು ಎಂದಿಟ್ಟುಕೊಳ್ಳಿ, ಒಟ್ಟು ಸುಮಾರು 8 ಜೀಬಿ. ಸರಿ. ಈಗ ಅದೇ ಪಿಯಾನೋದ ಮುಂದೆ ಒಂದರ ಬದಲು ಮೂರು ಜೋಡಿ ಮೈಕ್ ಇಡಿ: ಹತ್ತಿರ ಒಂದು, ಮಧ್ಯದಲ್ಲಿ ಒಂದು, ಹಾಲ್‌ನ ಕೊನೆಯಲ್ಲಿ ಒಂದು. 24 ಜೀಬಿ ಆಯಿತು. ಪಿಯಾನೋ ಬೇರೆಯಾಗಲಿಲ್ಲ, ನುಡಿಸಿದ ಕೈ ಬೇರೆಯಾಗಲಿಲ್ಲ, ಒಂದೇ ಒಂದು ಹೊಸ ಸ್ವರವೂ ಬರಲಿಲ್ಲ. ಡಿಸ್ಕು ಮಾತ್ರ ತುಂಬಿತು.

ಇದು ನನ್ನ ಕುಹಕ ಅನ್ನಿಸಿದರೆ ದೊಡ್ಡವರದ್ದನ್ನೇ ನೋಡಿ. ಲಂಡನ್ನಿನ ಸ್ಪಿಟ್‌ಫೈರ್ ಆಡಿಯೋದವರು 2019ರಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾವನ್ನು ಮೈಡಾ ವೇಲ್ ಸ್ಟುಡಿಯೋದಲ್ಲಿ ಸ್ಯಾಂಪಲ್ ಮಾಡಿ ಹೊರತಂದರು. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅದರ ದೊಡ್ಡ ಆವೃತ್ತಿ ಸುಮಾರು 600 ಜೀಬಿ. ಅದರಲ್ಲಿ 20 ಬಗೆಯ ಮೈಕ್ ಸಿಗ್ನಲ್ಲುಗಳಿವೆ. ನಡುವಿನ ಆವೃತ್ತಿಯಲ್ಲಿ ಒಂದೇ ಮಿಕ್ಸು, 25 ಜೀಬಿ ಆಸುಪಾಸು. 600ನ್ನು 20ರಿಂದ ಭಾಗಿಸಿ: 30. ಅಲ್ಲಿಗೆ ಲೆಕ್ಕ ಮುಗಿಯಿತು. ದೊಡ್ಡದರಲ್ಲಿ ಒಂದಷ್ಟು ಏಕವಾದನದ ತುಣುಕುಗಳು ಹೆಚ್ಚಿಗೆ ಇವೆ, ಇಲ್ಲವೆನ್ನುವುದಿಲ್ಲ; ಆದರೆ ಮೂಟೆಯ ಭಾರ ಬಹುಪಾಲು ಮೈಕುಗಳದ್ದು. ಅದೇ ಆರ್ಕೆಸ್ಟ್ರಾದ ಸಣ್ಣ ಆವೃತ್ತಿ ಸುಮಾರು 200 ಎಂಬಿ, ಅಂದರೆ ನಮ್ಮ ಹುಡುಗರು ಬೆಳಿಗ್ಗೆಯಿಂದ ಸಂಜೆವರೆಗೆ ವಾಟ್ಸಾಪಿನಲ್ಲಿ ಕಳಿಸಿಕೊಳ್ಳುವ ವಿಡಿಯೋಗಳಿಗಿಂತ ಕಡಿಮೆ. ಹಾಲಿವುಡ್ ಚಿತ್ರಕ್ಕೆ ಸರೌಂಡ್ ಮಿಕ್ಸ್ ಮಾಡುವವನಿಗೆ 20 ಮೈಕ್ ಬೇಕಾಗಬಹುದು. ಯೂಟ್ಯೂಬಿಗೆ ಹಾಕುವ ದೇವಿಯ ಹಾಡಿಗೆ, ಅದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳುವ ಅಡುಗೆಮನೆಗೆ, ಹಾಲ್‌ನ ಕೊನೆಯ ಸಾಲಿನ ಮೈಕ್ ಏನು ಮಾಡುತ್ತದೆ?

ಹಾಗಾದರೆ ಲೈಬ್ರರಿಯನ್ನು ಅಳೆಯುವುದು ಹೇಗೆ? ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ವಾದ್ಯಗಳನ್ನು ನಾನು ತಂತಿ, ಗಾಳಿ, ಚರ್ಮ ಎಂದು ವಿಂಗಡಿಸುವುದು ಬಿಟ್ಟಿದ್ದೇನೆ. ನನ್ನ ಲೆಕ್ಕದಲ್ಲಿ ಇರುವುದು ಎರಡೇ ಜಾತಿ: ಬಿಟ್ಟ ವಾದ್ಯ, ಹಿಡಿದ ವಾದ್ಯ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಬಂದ ಮೇಲೆ ಆ ಸ್ವರದ ಒಡಲಿನೊಳಗೆ ನುಡಿಸುವವನಿಗೆ ಕೆಲಸವಿಲ್ಲ. ತಡೆದು ನಿಲ್ಲಿಸಬಹುದು, ಅಷ್ಟೆ. ಜಲತರಂಗದ ಬಟ್ಟಲು, ಜಾಗಟೆ, ತಾಳ, ತಂಬೂರಿಯ ಬಿಡಿ ತಂತಿ, ಎಲ್ಲ ಈ ಜಾತಿ. ಹೊಡೆದು ಬಿಟ್ಟರೆ ಮುಗಿಯಿತು. ಇವುಗಳ ಒಂದೊಂದು ಪೆಟ್ಟನ್ನು ಚೆನ್ನಾಗಿ ಹಿಡಿದಿಟ್ಟರೆ ವಾದ್ಯದ ಮುಕ್ಕಾಲು ಪಾಲು ಕೈಗೆ ಬಂದಂತೆ. ವೀಣೆ, ಪಿಟೀಲು, ಕೊಳಲು, ನಾದಸ್ವರ ಹಾಗಲ್ಲ. ಸ್ವರ ಹುಟ್ಟಿದ ಮೇಲೂ ಕೈ, ಉಸಿರು ಅದರ ಜೊತೆಗೇ ಇರುತ್ತವೆ. ಅದನ್ನು ಎಳೆಯುತ್ತವೆ, ಜಾರಿಸುತ್ತವೆ, ಅಲ್ಲಾಡಿಸುತ್ತವೆ, ಇನ್ನೊಂದರೊಳಗೆ ಇಳಿಸುತ್ತವೆ. ಸ್ಯಾಂಪ್ಲರಿಗೆ ಹುಟ್ಟು ಗೊತ್ತು, ಬಾಳು ಗೊತ್ತಿಲ್ಲ.

ಬೆಂಗಳೂರಿನ ಕತೆಯೇ ಇದಕ್ಕೆ ಸಾಕ್ಷಿ. ಜಿ. ರಾಜ್ ನಾರಾಯಣ್ ಅವರ ರೇಡೆಲ್ ಕಂಪನಿ 1979ರಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ ಮಾಡುತ್ತಾ ಬಂತು. ಅವರು ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಮೊದಮೊದಲು ಮೂಗು ಮುರಿದವರಿದ್ದರು. ಇವತ್ತು ಆ ಬಗೆಯ ಪೆಟ್ಟಿಗೆಯೋ ಮೊಬೈಲಿನಲ್ಲಿರುವ ಅದರ ಮರಿಯೋ ಇಲ್ಲದ ಸಂಗೀತದ ಮನೆ ಸಿಗುವುದು ಕಷ್ಟ. ತಂಬೂರಿ ಪೆಟ್ಟಿಗೆಯೊಳಗೆ ಸಲೀಸಾಗಿ ಸೇರಿತು, ಯಾಕೆಂದರೆ ಅದು ಬಿಟ್ಟ ವಾದ್ಯ. ಅವರೇ ಮುಂದೆ ಡಿಜಿಟಲ್ ವೀಣೆ ಮಾಡಿದಾಗ ತಂತಿ, ಮೆಟ್ಟು ಎರಡನ್ನೂ ಉಳಿಸಿಕೊಂಡರು, ಕೀಲಿಮಣೆ ಜೋಡಿಸಲಿಲ್ಲ. ಎಡಗೈ ಎಳೆಯಲು ಏನಾದರೂ ಇರಬೇಕಲ್ಲ.

ಮೃದಂಗ ನಡುವಿನದು. ಬಲಗಡೆಯ ನಂ, ದಿಂ, ಚಾಪು ಎಲ್ಲ ಬಿಟ್ಟ ಪೆಟ್ಟುಗಳು. ಒಂದೊಂದನ್ನೂ ಆರೇಳು ಸಲ ಬೇರೆಬೇರೆಯಾಗಿ ಹಿಡಿದು ಸರದಿಯಂತೆ ನುಡಿಸುವ ವ್ಯವಸ್ಥೆ ಇದ್ದರೆ ಕೇಳಲು ತೊಂದರೆಯಿಲ್ಲ. ಈ ಸರದಿ ಇಲ್ಲದಿದ್ದರೆ ತಕತಕತಕ ಎನ್ನುವಾಗ ಒಂದೇ ತುಣುಕು ಮತ್ತೆಮತ್ತೆ ಬಿದ್ದು ಹೊಲಿಗೆ ಯಂತ್ರದ ಸದ್ದಾಗುತ್ತದೆ. ಆದರೆ ರವೆ ಮೆತ್ತಿದ ಎಡಗಡೆಯ ಮೇಲೆ ಅಂಗೈ ಒತ್ತಿ ಜಾರಿಸುವ ಗುಂಕಿ ಇದೆಯಲ್ಲ, ಅದು ಹಿಡಿದ ವಾದ್ಯ. ಯಾವ ಲೈಬ್ರರಿಯ ಮೃದಂಗವನ್ನೂ ನಾನು ಮೊದಲು ಗುಂಕಿಯಿಂದಲೇ ಪರೀಕ್ಷಿಸುವುದು. ಎರಡನೆಯ ಪರೀಕ್ಷೆ ಶ್ರುತಿ. ಅದನ್ನು ಯಾವ ಶ್ರುತಿಯ ಮೃದಂಗದಲ್ಲಿ ರೆಕಾರ್ಡ್ ಮಾಡಿದ್ದಾರೆ? ಒಂದು ಮನೆ ಶ್ರುತಿಯ ಮೃದಂಗವನ್ನು ಗಾಯಕಿಗಾಗಿ ಐದು ಮನೆಗೆ ಏರಿಸಿದರೆ ಸ್ಯಾಂಪ್ಲರ್ ತುಣುಕನ್ನು ವೇಗವಾಗಿ ಓಡಿಸುತ್ತದೆ, ಮೃದಂಗ ಆಟಿಕೆಯ ಡಮರುವಾಗುತ್ತದೆ. ಈ ಎರಡು ಪ್ರಶ್ನೆಗೆ ಉತ್ತರ ಜೀಬಿಯಲ್ಲಿರುವುದಿಲ್ಲ. ಡಬ್ಬದ ಮೇಲೂ ಬರೆದಿರುವುದಿಲ್ಲ.

ವೀಣೆಗೆ ಬರೋಣ. ವಾದ ಸೋಲುವುದೂ ಗೆಲ್ಲುವುದೂ ಇಲ್ಲೇ. ದೊಡ್ಡ ಲೈಬ್ರರಿಯವರ ಪರವಾಗಿ ಹೇಳುವವರ ಮಾತು ಹೀಗಿದೆ: "ಪಿಚ್ ಚಕ್ರ ಇದೆಯಲ್ಲ, ಅದರಿಂದ ಗಮಕ ಮಾಡಿ." ಮಾಡೋಣ. ಬಹುತೇಕ ಕಡೆ ಆ ಚಕ್ರ ಮೊದಲಿಗೆ ಎರಡು ಅರೆಸ್ವರದಷ್ಟೇ ಮೇಲೆ ಕೆಳಗೆ ಹೋಗುತ್ತದೆ. ವೈಣಿಕರ ಎಳೆತ ನಾಲ್ಕೈದು ಅರೆಸ್ವರ ದಾಟುತ್ತದೆ. ಸೆಟ್ಟಿಂಗ್ ಬದಲಾಯಿಸಿ ಐದಕ್ಕೆ ಏರಿಸಿದೆವು ಅನ್ನಿ. ಈಗ ಇನ್ನೊಂದು ಫಜೀತಿ. ನಿಜ ವೀಣೆಯಲ್ಲಿ ತಂತಿಯನ್ನು ಎಳೆದಾಗ ಏರುವುದು ತಂತಿಯ ಸ್ವರ ಮಾತ್ರ. ಕೆಳಗಿರುವ ಹಲಸಿನ ಮರದ ಕೊಡ ಇದ್ದಲ್ಲೇ ಇರುತ್ತದೆ, ಅದರ ಗುಂಜು ಬದಲಾಗುವುದಿಲ್ಲ. ಸ್ಯಾಂಪ್ಲರಿಗೆ ತಂತಿ ಬೇರೆ ಕೊಡ ಬೇರೆ ಎಂಬುದು ಗೊತ್ತಿಲ್ಲ. ಅದು ಇಡೀ ರೆಕಾರ್ಡಿಂಗನ್ನೇ ಎಳೆಯುತ್ತದೆ. ಸ್ವರದ ಜೊತೆ ಕೊಡವೂ ಕುಗ್ಗುತ್ತದೆ, ಹಿಗ್ಗುತ್ತದೆ. ಒಂದು ಕಂಪಿತದ ಹೊತ್ತಿನಲ್ಲಿ ವೀಣೆ ಮೂರು ಸಲ ಸಣ್ಣದಾಗಿ ಮೂರು ಸಲ ದೊಡ್ಡದಾಗುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗದಿದ್ದರೂ ಎಲ್ಲೋ ಮೋಸ ನಡೆದಿದೆ ಎಂದು ಗೊತ್ತಾಗುತ್ತದೆ.

"ಹಾಗಾದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೇ ರೆಕಾರ್ಡ್ ಮಾಡಿದರೆ?" ಪಶ್ಚಿಮದ ದೊಡ್ಡ ಲೈಬ್ರರಿಗಳು ಇದನ್ನೇ ಮಾಡಿವೆ, ಪಿಟೀಲಿಗೆ ಅದು ದೊಡ್ಡ ಸುಧಾರಣೆಯೇ. ಲೆಕ್ಕ ಹಾಕಿ. ಮೂರು ಸ್ಥಾಯಿ ಎಂದರೆ 36 ಸ್ವರ. ಪ್ರತಿಯೊಂದರಿಂದಲೂ ಮೇಲೆ 12, ಕೆಳಗೆ 12 ಸ್ವರಗಳಿಗೆ ದಾರಿ: ಹೆಚ್ಚುಕಡಿಮೆ 864. ಮೂರು ಹಂತದ ಜೋರಿಗೆ ಸುಮಾರು 2,592. ಕಷ್ಟ, ಆದರೆ ಆಗುವ ಕೆಲಸ. ಆದರೆ ಇವೆಲ್ಲ ನೆಟ್ಟಗೆ ಹೋಗುವ ದಾರಿಗಳು. ತೋಡಿಯ ಗಾಂಧಾರ ರಿಷಭದಿಂದ ಬಂದಾಗ ಒಂದು ಬಗೆ, ಮಧ್ಯಮದಿಂದ ಇಳಿದಾಗ ಇನ್ನೊಂದು ಬಗೆ, ವಿಳಂಬದಲ್ಲಿ ನಾಲ್ಕು ತೂಗು, ದ್ರುತದಲ್ಲಿ ಒಂದೇ ತಟ್ಟು. ಅದೇ ಸ್ಥಾನದ ಗಾಂಧಾರ ಖರಹರಪ್ರಿಯದಲ್ಲಿ ಬೇರೆಯೇ ನಡೆ ನಡೆಯುತ್ತದೆ. ಕೀಲಿ ಒಂದೇ, ಗಾಂಧಾರ ನೂರು. ಈ ದಾರಿಗಳನ್ನು ಎಣಿಸಿ ಮುಗಿಸುವ ಡಿಸ್ಕು ಬರುವ ಹೊತ್ತಿಗೆ ಹುಡುಗನ ಹಾಡಿನ ಶ್ರಾವಣ ಎಷ್ಟು ಸಲ ಬಂದು ಹೋಗಿರುತ್ತದೋ.

ಇದೇನು ಹೊಸ ಜಗಳವಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಆರೋಪ ಇದೇ: ಅದರ ಸ್ವರಗಳು ಕೂತಲ್ಲಿಂದ ಏಳುವುದಿಲ್ಲ. ಪಿಟೀಲೂ ಪರದೇಶದ್ದೇ, ಆದರೆ ಅದಕ್ಕೆ ಮೆಟ್ಟುಗಳಿಲ್ಲ, ಬೆರಳು ಜಾರಲು ದಾರಿಯಿದೆ. ಕರ್ನಾಟಕ ಸಂಗೀತದಲ್ಲಿ ಅದನ್ನು ಯಾರೂ ಪರಕೀಯ ಎಂದು ದೂರವಿಡಲಿಲ್ಲ. ನಿಷೇಧ ಸರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಂಪನಿ ನಾಟಕಗಳ ಪೇಟಿ ಮಾಸ್ತರರು ಕಾಲಿನಲ್ಲಿ ತಿದಿ ಒತ್ತುತ್ತಾ ಇಡೀ ರಾತ್ರಿ ರಂಗವನ್ನು ಹೊತ್ತು ನಿಂತವರು. ಹಾರ್ಮೋನಿಯಮ್ಮಿಗೆ ತನ್ನದೇ ಮರ್ಯಾದೆಯಿದೆ, ಯಾಕೆಂದರೆ ಅದು ತಾನು ವೀಣೆ ಎಂದು ಯಾವತ್ತೂ ಹೇಳಿಕೊಳ್ಳಲಿಲ್ಲ. ನಾವು ಈಗ ಮಾಡುತ್ತಿರುವುದೇನು? ಹಾರ್ಮೋನಿಯಮ್ಮಿಗೆ ವೀಣೆಯ ವೇಷ ಹಾಕಿ, ವೇಷಕ್ಕೆ ಅರವತ್ತು ಜೀಬಿ ಬಟ್ಟೆ ಸುತ್ತಿದ್ದೇವೆ.

ಎದುರುಪಕ್ಷದ ಒಂದು ಮಾತನ್ನು ಒಪ್ಪಲೇಬೇಕು. ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರಿಗೆ ನಾಳೆ ಬೆಳಿಗ್ಗೆ ನಿರ್ದೇಶಕರಿಗೆ ಕೇಳಿಸಬೇಕಾಗಿರುತ್ತದೆ. ಅರವತ್ತು ಜನ ಪಿಟೀಲಿನವರನ್ನು ರಾತ್ರೋರಾತ್ರಿ ಎಲ್ಲಿಂದ ತರುತ್ತಾರೆ? ಗುಂಪಿನಲ್ಲಿ ನುಡಿಯುವ ಪಿಟೀಲುಗಳು ಸ್ಯಾಂಪಲ್ಲಿನಲ್ಲಿ ಚೆನ್ನಾಗಿಯೇ ಕೇಳುತ್ತವೆ. ಒಬ್ಬೊಬ್ಬನ ಕೈ ಒಂದೊಂದು ರೀತಿ ಅಲ್ಲಾಡುವುದರಿಂದ ಒಟ್ಟು ಸದ್ದಿನಲ್ಲಿ ಯಾವ ಒಬ್ಬನ ಬಾಳೂ ಕಾಣುವುದಿಲ್ಲ, ಅದೇ ಕಾರಣ. ಅಂಥವರು ದೊಡ್ಡ ಲೈಬ್ರರಿ ಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ಆದರೆ ಅವರಿಗೆ ಬೇಕಾದದ್ದು ಎಲ್ಲರಿಗೂ ಬೇಕು ಎಂಬ ಪ್ರಚಾರಕ್ಕೆ ಅಭ್ಯಂತರವಿದೆ. ಲಾರಿಯವನಿಗೆ ಹತ್ತು ಚಕ್ರ ಬೇಕು ಅಂತ ಹಾಲಿನವನ ಸೈಕಲ್ಲಿಗೂ ಹತ್ತು ಚಕ್ರ ಹಾಕುತ್ತಾರೆಯೇ?

ದೊಡ್ಡದೇ ನಿಜ ಎಂಬುದಕ್ಕೆ ಚರಿತ್ರೆಯ ಬೆಂಬಲವೂ ಇಲ್ಲ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಮೆಲೊಟ್ರಾನ್ ಬಂತು, ಅಮೆರಿಕದ ಹ್ಯಾರಿ ಚೇಂಬರ್ಲಿನ್ ಮಾಡಿದ ಯಂತ್ರವನ್ನು ನೋಡಿ ಮಾಡಿದ್ದು. ಪ್ರತಿ ಕೀಲಿಯ ಕೆಳಗೆ ಒಂದು ಟೇಪಿನ ಪಟ್ಟಿ. ಒತ್ತಿದರೆ ಸುಮಾರು ಎಂಟು ಸೆಕೆಂಡು ನುಡಿದು ನಿಲ್ಲುತ್ತದೆ, ಬಿಟ್ಟರೆ ಪಟ್ಟಿ ಹಿಂದಕ್ಕೆ ಸರಿಯುತ್ತದೆ. ಒಂದು ಮಣೆಗೆ 35 ಕೀಲಿ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಅದರ ಕೊಳಲಿನಿಂದಲೇ ಬೀಟಲ್ಸ್‌ನವರ 1967ರ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಶುರುವಾಗುತ್ತದೆ. ನಿಜ ಕೊಳಲಿನ ಹಾಗಿಲ್ಲ ಅದು. ಆ ತೊದಲು ಕೊಳಲನ್ನೇ ಇವತ್ತಿಗೂ ಜನ ಸ್ಯಾಂಪಲ್ ಮಾಡಿ ಮಾರುತ್ತಾರೆ. 1979ರ ಫೇರ್‌ಲೈಟ್ ಯಂತ್ರ ಸಿಡ್ನಿಯದು, ಬರೀ 8 ಬಿಟ್. ಅದರಲ್ಲಿದ್ದ ಸ್ಟ್ರಾವಿನ್ಸ್ಕಿಯ 'ಫೈರ್‌ಬರ್ಡ್'ನ ಒಂದು ತುಣುಕು ಎಂಬತ್ತರ ದಶಕದ ಪಾಪ್ ಹಾಡುಗಳಲ್ಲೆಲ್ಲ ಢಣ್ ಎಂದಿತು. ಗಿಗಾಬೈಟಿನ ಓಟ ಶುರುವಾದದ್ದು 1998ರಲ್ಲಿ, ಗಿಗಾಸ್ಯಾಂಪ್ಲರ್ ಬಂದಾಗ. ತುಣುಕಿನ ತಲೆಯನ್ನಷ್ಟೇ ಮೆಮೊರಿಯಲ್ಲಿಟ್ಟು ಉಳಿದ ಒಡಲನ್ನು ಡಿಸ್ಕಿನಿಂದಲೇ ಓದುವ ಉಪಾಯ ಅದು. ಮೆಮೊರಿಯ ಗಡಿ ಹೋಯಿತು, ಮಾರುವವರಿಗೆ ಹೆಸರಿನಲ್ಲೇ ಗಾತ್ರ ಹೇಳಿಕೊಳ್ಳುವ ಅವಕಾಶ ಸಿಕ್ಕಿತು.

ಆ ಗಿಗಾಸ್ಯಾಂಪ್ಲರಿನ ಗತಿಯನ್ನು ಈಗ 'ಕಾಂಟ್ಯಾಕ್ಟ್ ಇಲ್ಲದಿದ್ದರೆ ಏನೂ ಇಲ್ಲ' ಎನ್ನುವವರು ನೆನಪಿಡಬೇಕು. ಅದು ಗಿಗಾಸ್ಟುಡಿಯೋ ಎಂದಾಯಿತು, ಟ್ಯಾಸ್ಕ್ಯಾಮ್ ಕೈಗೆ ಹೋಯಿತು, 2008ರಲ್ಲಿ ನಿಂತಿತು. ಅದಕ್ಕೆಂದೇ ಸಾವಿರಾರು ರೂಪಾಯಿಯ ಲೈಬ್ರರಿ ಕೊಂಡವರು ಬೇರೆ ರೂಪಕ್ಕೆ ಬದಲಾಯಿಸಿಕೊಳ್ಳಲು ಪರದಾಡಿದರು. ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ 2002ರಲ್ಲಿ ತಂದ ಕಾಂಟ್ಯಾಕ್ಟ್ ಒಳ್ಳೆಯ ಯಂತ್ರ, ನಾನೂ ಬಳಸುತ್ತೇನೆ. ಆದರೆ ಕೊಳ್ಳುವವರಿಗೆ ಅಂಗಡಿಯಲ್ಲಿ ಯಾರೂ ಒತ್ತಿ ಹೇಳದ ಒಂದು ಸಂಗತಿಯಿದೆ. ಅದರ ಪುಕ್ಕಟೆ ಪ್ಲೇಯರ್ ಎಲ್ಲ ಲೈಬ್ರರಿಯನ್ನೂ ತೆರೆಯುತ್ತದೆ ನಿಜ, ಪರವಾನಗಿ ಪಡೆದವು ಮಾತ್ರ ಪೂರ್ತಿ ನಡೆಯುತ್ತವೆ. ಉಳಿದವು ಹದಿನೈದು ನಿಮಿಷಕ್ಕೆ ಬಾಯಿ ಮುಚ್ಚುತ್ತವೆ. ಐನೂರು ರೂಪಾಯಿಯ ಒಂದು ಪುಟ್ಟ ಲೈಬ್ರರಿ ಕೊಂಡ ಹುಡುಗ ಆಮೇಲೆ ಅದನ್ನು ನುಡಿಸಲು ಇನ್ನೂರು ಮುನ್ನೂರು ಡಾಲರಿನ ಯಂತ್ರ ಕೊಳ್ಳಬೇಕಾಗುತ್ತದೆ. ಹಸುವಿನ ಹಗ್ಗ ಕೊಂಡು ಹಸು ಹುಡುಕಿಕೊಂಡು ಹೋದ ಹಾಗೆ.

ಬೇರೆ ದಾರಿ ಇಲ್ಲವೇ? ಧಾರಾಳವಾಗಿದೆ. ಎಸ್‌ಎಫ್‌ಜೆಡ್ ಎಂಬ ರೂಪದಲ್ಲಿ ಲೈಬ್ರರಿ ಎಂದರೆ ಒಂದಷ್ಟು ವೇವ್ ಫೈಲು, ಜೊತೆಗೆ ಒಂದು ಸಾದಾ ಪಠ್ಯದ ಫೈಲು. ಯಾವ ತುಣುಕು ಯಾವ ಕೀಲಿಯಿಂದ ಯಾವ ಕೀಲಿಯವರೆಗೆ, ಎಷ್ಟು ಜೋರಿನಿಂದ ಎಷ್ಟು ಜೋರಿಗೆ ಎಂದು ಅದರಲ್ಲಿ ಬರೆದಿರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದು. ಪ್ಲೋಗ್‌ನವರ ಸ್ಫೋರ್ಜಾಂಡೋ ಅದನ್ನು ನುಡಿಸುತ್ತದೆ, ದುಡ್ಡಿಲ್ಲ. ಡೀಸೆಂಟ್ ಸ್ಯಾಂಪ್ಲರ್ ಕೂಡ ಪುಕ್ಕಟೆ, ತನ್ನದೇ ಪಠ್ಯರೂಪದಲ್ಲಿ. ಯಾವ ಕಂಪನಿ ಮುಚ್ಚಿದರೂ ವೇವ್ ಫೈಲು ಇದ್ದೇ ಇರುತ್ತದೆ, ಪಠ್ಯವನ್ನು ಯಾರು ಬೇಕಾದರೂ ಓದಬಹುದು. ಪಿಯಾನೋ ಬೇಕೇ? ಸಾಲಮ್ಯಾಂಡರ್ ಗ್ರ್ಯಾಂಡ್ ಪಿಯಾನೋ ಎಂಬುದೊಂದಿದೆ, ಯಮಾಹಾ ಸಿ5 ಪಿಯಾನೋವನ್ನು ಮೂರು ಕೀಲಿಗೊಂದರಂತೆ 16 ಹಂತಗಳಲ್ಲಿ ಹಿಡಿದದ್ದು, ಉಚಿತವಾಗಿ ಹಂಚಿದ್ದು. ನಮ್ಮಲ್ಲಿ ಭಾವಗೀತೆಗೆ ನುಡಿಸುವ ಪಿಯಾನೋಗೆ ಅದಕ್ಕಿಂತ ಹೆಚ್ಚು ಏನು ಬೇಕೋ ನನಗೆ ತಿಳಿಯದು. ಸ್ಯಾಂಪಲ್ಲೇ ಬೇಡ ಎನ್ನುವವರಿಗೆ ಫ್ರಾನ್ಸಿನ ಪಿಯಾನೋಟೆಕ್ ಇದೆ. ತಂತಿ, ಸುತ್ತಿಗೆ, ಹಲಗೆಯ ಕಂಪನವನ್ನೇ ಗಣಿತದಲ್ಲಿ ಕಟ್ಟುತ್ತದೆ, ಇಡೀ ಪಿಯಾನೋ ನೂರು ಎಂಬಿಯೊಳಗೆ. ಅದಕ್ಕೆ ದುಡ್ಡು ಕೊಡಬೇಕು, ಕೊಡಬಹುದು.

ಇಷ್ಟೆಲ್ಲ ಹೇಳುವವನು ತಾನೇನು ಮಾಡಿದ್ದಾನೆ ಎಂದು ಕೇಳಿಯೇ ಕೇಳುತ್ತೀರಿ. ಮಾಡಿದ್ದೇನೆ, ಕೈ ಸುಟ್ಟುಕೊಂಡಿದ್ದೇನೆ. ವಿದೇಶದ ಲೈಬ್ರರಿಗಳಲ್ಲಿ ಭಾರತದ ವಾದ್ಯ ಎಂದರೆ ಸಿತಾರು, ತಬಲ, ಬಾನ್ಸುರಿ. ಕೆಲವರು ಮೃದಂಗ ಸೇರಿಸುತ್ತಾರೆ. ತಮಟೆ, ಡೊಳ್ಳು, ಕಂಸಾಳೆ, ಚಂಡೆ ಬೇಕಾದವನು ತಾನೇ ಹಿಡಿಯಬೇಕು. ಮುಖ್ಯವಾದ ಮಾತೆಂದರೆ ಇವೆಲ್ಲ ಬಿಟ್ಟ ವಾದ್ಯಗಳು, ಸ್ಯಾಂಪ್ಲರಿಗೆ ಹೇಳಿ ಮಾಡಿಸಿದಂಥವು. ಚೌಡಿಕೆ ಮಾತ್ರ ಬೇಡ, ಅದರ ತಂತಿಯನ್ನು ಕೈಯಲ್ಲಿ ಎಳೆದು ಸಡಿಲಿಸುತ್ತಲೇ ನುಡಿಸುತ್ತಾರೆ. ನಾನು ತಮಟೆಯಿಂದ ಶುರುಮಾಡಿದೆ. ಪರಿಚಯದ ಇಬ್ಬರು ತಮಟೆಯವರನ್ನು ಊಟಕ್ಕೂ ಕೂಲಿಗೂ ಒಪ್ಪಿಸಿ ಕರೆತಂದೆ. ಅವರು ಮಹಡಿಯ ಮೇಲೆ ಒಣಹುಲ್ಲು ಉರಿಸಿ, ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಸೈ ಎಂದ ಮೇಲೆ ನಾನು ಮೈಕ್ ಹಿಡಿದೆ. ದಪ್ಪ ಕೋಲಿನ ಪೆಟ್ಟು, ಸಣ್ಣ ಕಡ್ಡಿಯ ಪೆಟ್ಟು, ಮೆಲ್ಲಗೆ, ಜೋರು, ಪ್ರತಿಯೊಂದೂ ಎಂಟೆಂಟು ಸಲ. ಕ್ರಮವಾಗಿ ಮೆಲುದನಿಯಿಂದ ಜೋರುದನಿಗೆ ಹೋದೆ, ಲೈಬ್ರರಿ ಮಾಡುವವರ ಶಿಸ್ತಿನಂತೆ. ಮುಕ್ಕಾಲು ಗಂಟೆ ಆಯಿತು. ಆಮೇಲೆ ಜೋಡಿಸಿ ನುಡಿಸಿದರೆ ಮೆಲುಪೆಟ್ಟುಗಳು 'ಟಣ್', ಜೋರುಪೆಟ್ಟುಗಳು 'ಡಬ್'. ಅಷ್ಟು ಹೊತ್ತಿಗೆ ಚರ್ಮ ಆರಿ ಸಡಿಲವಾಗಿತ್ತು! ಇಬ್ಬರಲ್ಲಿ ಹಿರಿಯರು ನಕ್ಕು, "ಹತ್ತು ನಿಮಿಷಕ್ಕೊಂದು ಸಲ ಕಾಯಿಸ್ಬೇಕು ಸ್ವಾಮಿ, ಕೇಳಿದ್ರೆ ನಾವೇ ಹೇಳ್ತಿರಲಿಲ್ವಾ" ಅಂದರು. ಇನ್ನೊಂದು ದಿನ ಕರೆದು, ಪ್ರತಿ ಸುತ್ತಿಗೂ ಮೊದಲು ಕಾಯಿಸಿ, ಮತ್ತೆ ಹಿಡಿದೆ. ಒಟ್ಟು ಗಾತ್ರ 140 ಎಂಬಿ. ಎರಡು ಕಿರುಚಿತ್ರಗಳ ಜಾತ್ರೆಯ ದೃಶ್ಯದಲ್ಲಿ ಅದೇ ನುಡಿದಿದೆ. ಯಾವುದೇ 40 ಜೀಬಿ 'ಎಪಿಕ್ ಡ್ರಮ್ಸ್' ಆ ಹುಲ್ಲಿನ ಬೆಂಕಿಯ ಬಿಗುವನ್ನು ಕೊಡಲಾರದು. ಅವರು ಬೆಂಕಿಯನ್ನೇ ಹಚ್ಚಿಲ್ಲವಲ್ಲ.

ಈ ಪೆಟ್ಟು ತಿಂದ ಮೇಲೆ ನಾನು ಯಾವ ಲೈಬ್ರರಿಯ ಮಾದರಿ ಹಾಡನ್ನೂ ಕೇಳುವುದಿಲ್ಲ. ಮಾದರಿ ಹಾಡು ಮದುವೆಗೆ ಮುಂಚಿನ ಫೋಟೋ ಇದ್ದ ಹಾಗೆ. ಮಾರುವವರಿಗೆ ತಮ್ಮ ಲೈಬ್ರರಿಗೆ ಏನು ಬರುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು, ಅದನ್ನು ಬಿಟ್ಟು ಉಳಿದದ್ದನ್ನು ನುಡಿಸಿರುತ್ತಾರೆ. ನಾನು ಹುಡುಕುವುದು ಯಾರಾದರೂ ಒಂದೇ ವಾದ್ಯವನ್ನು, ಪ್ರತಿಧ್ವನಿ ಆರಿಸಿ, ಸುಮ್ಮನೆ ಒಂದೊಂದೇ ಕೀಲಿ ಒತ್ತುತ್ತಾ ಹೋದ ವಿಡಿಯೋ. ನುಡಿಸುತ್ತಿರುವ ಸ್ವರ ಎಲ್ಲಿ ಮುಗಿಯುತ್ತದೆ, ಮುಂದಿನದು ಎಲ್ಲಿ ಶುರುವಾಗುತ್ತದೆ, ನಡುವೆ ಏನಾಗುತ್ತದೆ, ಅಷ್ಟೇ ಕೇಳುತ್ತೇನೆ. ನಡುವೆ ಏನೂ ಆಗದಿದ್ದರೆ, ವಾದ್ಯ ಹಿಡಿದ ಜಾತಿಯದಾಗಿದ್ದರೆ, ಆ ಲೈಬ್ರರಿ ಆರು ನೂರು ಜೀಬಿ ಇದ್ದರೂ ನನಗೆ ಬೇಡ.

ಹುಡುಗನ ಹಾಡಿನ ವಿಷಯಕ್ಕೆ ಬಂದರೆ, ಅವನ ಪಿಯಾನೋ ಹಾಗೆಯೇ ಇತ್ತು, ಗುಂಪಿನ ಪಿಟೀಲುಗಳೂ ಇದ್ದವು, ತಾಳಕ್ಕೆ ನನ್ನ ಜಾಗಟೆ ಸೇರಿತು. ವೀಣೆಯ ಟ್ರ್ಯಾಕನ್ನು ಅಳಿಸಿದೆವು. ಮೂರನೇ ಕ್ರಾಸಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಒಬ್ಬರು ವೀಣೆ ಟೀಚರನ್ನು ಕೇಳಿಕೊಂಡೆ. ಭಾನುವಾರ ಮಧ್ಯಾಹ್ನ ಬಂದರು. ಶ್ರುತಿ ಮಾಡಿಕೊಳ್ಳಲು ನಲವತ್ತು ನಿಮಿಷ, ಫ್ಯಾನ್ ಆರಿಸಿದ್ದರಿಂದ ಎಲ್ಲರಿಗೂ ಬೆವರು, ನಡುವೆ ತರಕಾರಿ ಗಾಡಿಯವನ ಧ್ವನಿವರ್ಧಕ ಹಾದುಹೋಗುವವರೆಗೆ ಐದು ನಿಮಿಷ ಮೌನ. ನುಡಿಸಿದ್ದು ಹನ್ನೆರಡು ನಿಮಿಷ. ಹುಡುಗ ಕೊಟ್ಟ ಸ್ವರಪಟ್ಟಿಯಲ್ಲಿ ಬರೀ 'ಗ' ಎಂದಿದ್ದ ಕಡೆ ಅವರ ಬೆರಳು ರಿಷಭದಲ್ಲಿ ಕೂತು ಹೊರಗೆ ಹೋಗಿ ಒಳಗೆ ಬಂತು. ಹುಡುಗ ಹೆಡ್‌ಫೋನ್ ತೆಗೆದು ಕೆಳಗಿಟ್ಟ.

ವೀಣೆಗೆ ಬಟ್ಟೆ ಸುತ್ತುತ್ತಿದ್ದಾಗ ಅವನು ಅವರ ಹತ್ತಿರ ಹೋಗಿ ಕೂತ. "ಅಮ್ಮಾ, ಇನ್ನೊಂದು ದಿನ ಬಂದು ಎಲ್ಲಾ ಮೆಟ್ಟೂ ಒಂದೊಂದಾಗಿ ನುಡಿಸಿಕೊಟ್ರೆ, ಸ್ಯಾಂಪಲ್ ಮಾಡಿ ಇಟ್ಕೋಬಹುದಲ್ವಾ?"

"ಮಾಡ್ಕೊಳ್ಳಪ್ಪಾ, ಅದಕ್ಕೇನಂತೆ" ಅಂದರು ಅವರು, ಗಂಟು ಬಿಗಿಯುತ್ತಾ. "ಈಗ ಮೊದ್ಲು ಒಂದು ಆಟೋ ಕರಿ. ಇದನ್ನ ಹೊತ್ಕೊಂಡು ಈ ಮೆಟ್ಟಿಲು ಇಳಿಯೋದೇ ಒಂದು ಸಾಹಸ."